ಬುದ್ಧಿಯವರ ಕಾರಿನ ಹಿಂದಿನ ಸೀಟು

ಹೊಂಗೆಮರದ ನೆರಳಿನಲ್ಲಿ ಒಂದು ಕಾರು ನಿಂತಿತ್ತು. ಒಂದು ಕಾಲಕ್ಕೆ ಬೆಳ್ಳಗಿದ್ದು, ಈಗ ಕೆನೆಗಟ್ಟಿದ ಹಾಲಿನ ಬಣ್ಣಕ್ಕೆ ತಿರುಗಿದ ಅಂಬಾಸಿಡರ್. ಮಾಘದ ಕೊನೆಯ ಒಣ ಎಲೆಗಳು ಅದರ ಬಾನೆಟ್ಟಿನ ಮೇಲೆ, ಯಾರೋ ಎಣಿಸಲೆಂದು ಹರಡಿ ನಡುವೆ ಎದ್ದುಹೋದಂತೆ, ಬಿದ್ದಲ್ಲೇ ಬಿದ್ದಿದ್ದವು. ಹಿಂದಿನ ಗಾಜಿಗೆ ಕಾವಿ ಪರದೆ. ಬಿಸಿಲು ತಾಕುವ ಮಗ್ಗುಲು ಮಾತ್ರ ಮಾಸಿತ್ತು. ಪರದೆಯ ಸಂದಿಯಿಂದ ಇಣುಕಿದರೆ ಹಿಂದಿನ ಸೀಟಿನ ಎಡತುದಿಯಲ್ಲಿ ಒಂದು ತಗ್ಗು ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ಒಬ್ಬರೇ ಕೂತು, ಒಬ್ಬರೇ ಎದ್ದು, ಆಮೇಲೆ ಒಂದು ದಿನ ಬಾರದೆ ಹೋದುದರ ಗುರುತು. ಆ ತಗ್ಗಿನಲ್ಲಿ ಅಂಗೈಯಗಲದ ಬಿಸಿಲು ಕೂತಿತ್ತು. ಅದೇ ಮಗ್ಗುಲಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಏನನ್ನೋ ಹೇಳಹೊರಟು ಬೇಡವೆಂದುಕೊಂಡ ತುಟಿಗಳಂತೆ ಬೆರಳಗಲ ತೆರೆದೇ ಇತ್ತು.

ಕವಿಹೃದಯದವನೊಬ್ಬ ಇದನ್ನು ಕಂಡಿದ್ದರೆ ಒಂದು ನಿಟ್ಟುಸಿರಿಟ್ಟು ಮಠದ ಊಟದ ಪಂಕ್ತಿಯ ಕಡೆಗೆ ನಡೆದುಬಿಡುತ್ತಿದ್ದ. ಶಿವಲಿಂಗಯ್ಯನವರು ಹಾಗೆ ಮಾಡಲಿಲ್ಲ. ಮೈಸೂರಿನ ವಿದ್ಯಾರಣ್ಯಪುರಂನ ನಿವಾಸಿ, ನೀರು ಸರಬರಾಜು ಕಚೇರಿಯ ಹಿರಿಯ ಗುಮಾಸ್ತ, ಸೈಕಲ್ಲನ್ನಲ್ಲದೆ ಬೇರೆ ಯಾವ ವಾಹನವನ್ನೂ ನಡೆಸಿ ಅರಿಯದ ಅವರು ಅದನ್ನು ಕೊಂಡುಬಿಟ್ಟರು.

ಇದಕ್ಕೆ ಮೂಲ ಕಾರಣ ಒಂದು ಪ್ರೆಶರ್ ಕುಕ್ಕರು.

ಹಿಂದಿನ ವರ್ಷ, ಅಂದರೆ ತೊಂಬತ್ತೇಳರಲ್ಲಿ, ನಂಜನಗೂಡಿನಲ್ಲಿ ಬಂಧುಗಳ ಮದುವೆ. ಶಿವಲಿಂಗಯ್ಯನವರ ಹೆಂಡತಿ ನೀಲಮ್ಮನ ತಂಗಿಯ ಗಂಡ ಮೃತ್ಯುಂಜಯ ಲಕ್ಷ್ಮೀಪುರಂನವನು. ಮಾರುತಿ ಕಾರಿನ ಒಡೆಯ. ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದ ಈ ಷಡ್ಡಕ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿ, ಒಳಗಿದ್ದ ತನ್ನ ಸಂಸಾರವನ್ನೂ ಉಡುಗೊರೆಯ ಕುಕ್ಕರನ್ನೂ ಒಮ್ಮೆ ನೋಡಿ, ಬಹಳ ನಯವಾಗಿ ಹೇಳಿದ:

“ಭಾವ, ಕುಕ್ಕರ್ ಜಖಂ ಆಗ್ಬುಟ್ರೆ ಮರ್ಯಾದೆ ಹೋಗ್ತದೆ. ನೀವೂ ಅಕ್ಕನೂ ಬಸ್ಸಲ್ಲಿ ಬಂದ್ಬುಡಿ.”

ಕುಕ್ಕರು ಹಿಂದಿನ ಸೀಟಿನಲ್ಲಿ ಕೂತು ಗಾಳಿ ಸೇವಿಸುತ್ತ ಮದುವೆಗೆ ಹೋಯಿತು. ದಂಪತಿಗಳು ಬಸ್ಸಿನಲ್ಲಿ ನಿಂತು ಹೋದರು. ನೀಲಮ್ಮನ ಪಾದಗಳು ಊದಿಕೊಂಡವು. ಆಕೆ ಏನೂ ಹೇಳಲಿಲ್ಲ. ಹೇಳಿದ್ದರೆ ಶಿವಲಿಂಗಯ್ಯನವರು ಸಮಾಧಾನ ಮಾಡಿ ಮರೆಯುತ್ತಿದ್ದರು. ಹೇಳದೆ ಇದ್ದುದರಿಂದ ಅವರಿಗೆ ಪ್ರತಿಜ್ಞೆ ಮಾಡದೆ ಬೇರೆ ದಾರಿ ಉಳಿಯಲಿಲ್ಲ. ಮಹಾಪುರುಷರು ಜುಟ್ಟು ಬಿಚ್ಚಿ ಪ್ರತಿಜ್ಞೆ ಮಾಡಿದ್ದುಂಟು. ಬೋಳುತಲೆಯ ಶಿವಲಿಂಗಯ್ಯನವರಿಗೆ ಆ ಅನುಕೂಲವಿಲ್ಲದ್ದರಿಂದ ಬಸ್ಸಿನ ಕಂಬಿ ಹಿಡಿದೇ ಮಾಡಿದರು. ಮೃತ್ಯುಂಜಯ ಲಕ್ಷ್ಮೀಪುರಂನಲ್ಲೇ ಕಟ್ಟಿಸುತ್ತಿರುವ ಹೊಸ ಮನೆಯ ಗೃಹಪ್ರವೇಶದ ದಿನ, ಅವನ ಗೇಟಿನ ಎದುರಿಗೆ, ಸ್ವಂತ ಕಾರಿನ ಹಿಂದಿನ ಸೀಟಿನಿಂದ ನೀಲಮ್ಮನನ್ನು ಇಳಿಸಿಯೇ ತೀರುವುದು. ಮುಂದಿನ ಸೀಟಾದರೂ ಆಗಬಹುದಿತ್ತಲ್ಲ ಎಂದು ಕೇಳಬಾರದು. ಕುಕ್ಕರು ಕೂತದ್ದು ಹಿಂದೆ.

ಗೃಹಪ್ರವೇಶ ಫಾಲ್ಗುಣದ ಒಂದು ಗುರುವಾರಕ್ಕೆ ನಿಶ್ಚಯವಾಯಿತು. ಅದಕ್ಕೆ ಮೂರು ವಾರ ಮುಂಚೆ ಶಿವಲಿಂಗಯ್ಯನವರ ಕಣ್ಣಿಗೆ ಬಿಲ್ವಗೆರೆ ಮಠದ ಕರಪತ್ರವೊಂದು ಬಿತ್ತು: ಲಿಂಗೈಕ್ಯ ಹಿರಿಯ ಬುದ್ಧಿಯವರು ಬಳಸುತ್ತಿದ್ದ ಕಾರನ್ನು ಶಿವರಾತ್ರಿಯ ಮರುದಿನ ಸವಾಲು ಕೂಗಿ ಹರಾಜು ಹಾಕಲಾಗುವುದು, ನಿಂತ ಸ್ಥಳದಲ್ಲಿ, ನಿಂತ ಸ್ಥಿತಿಯಲ್ಲಿ, ಸ್ಟಾರ್ಟ್ ಮಾಡಿ ತೋರಿಸಲಾಗುವುದಿಲ್ಲ. ಮಠದ ಸ್ವಾಮಿಗಳನ್ನು ಆ ಕಡೆಯ ಭಕ್ತರು ‘ಬುದ್ಧಿ’ ಎಂದೇ ಕರೆಯುವುದು.

ಪಕ್ಕದ ಮನೆಯ ಸಣ್ಣಮಾದಯ್ಯ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಕಾರನ್ನು ಮನೆಗೆ ಓಡಿಸಿಕೊಂಡು ಬರಲೆಂದು ಶಿವಲಿಂಗಯ್ಯನವರು ಅವನನ್ನು ಜೊತೆಗೆ ಕರೆದೊಯ್ದಿದ್ದರು. ಅವನು ಹೊಂಗೆಮರದ ಸುತ್ತ ಎರಡು ಬಾರಿ ಪ್ರದಕ್ಷಿಣೆ ಹಾಕಿ ಹೇಳಿದ:

“ಸ್ಟಾರ್ಟ್ ಮಾಡಿ ನೋಡ್ದೆ ಕಾರ್ ತಕೊಳ್ಳೋದೂ ಒಂದೇ, ಫೋಟೋ ನೋಡಿ ಎಮ್ಮೆ ತಕೊಳ್ಳೋದೂ ಒಂದೇ. ಬುಡಿ ಸಾರ್.”

“ನಿಂತ ಸ್ಥಿತಿಯಲ್ಲಿ ಅಂತ ಬರೆದಿದ್ದಾರೆ ಮಾದಯ್ಯ. ಅಂದರೆ ಬಿದ್ದಿಲ್ಲ ಅಂತ ತಾನೆ?” ಎಂದರು ಶಿವಲಿಂಗಯ್ಯನವರು. ಕಚೇರಿಯಲ್ಲಿ ಮೂವತ್ತು ವರ್ಷ ಸುತ್ತೋಲೆಗಳನ್ನು ಓದಿದವರಿಗೆ ಹೀಗೆ ಅರ್ಥಮಾಡಿಕೊಳ್ಳುವ ಶಕ್ತಿ ತಾನಾಗಿಯೇ ಬಂದುಬಿಡುತ್ತದೆ.

ಆದರೆ ಬಿಲ್ವಗೆರೆಯ ಸವಾಲಿನ ರೀತಿಯೇ ಬೇರೆ. ಅಲ್ಲಿ ಪ್ರತಿವರ್ಷ ಒಂದು ತಾಮ್ರದ ಕೊಡವನ್ನು ಸವಾಲು ಕೂಗುತ್ತಾರೆ. ಗೆದ್ದ ಭಕ್ತರು ದುಡ್ಡು ಕಟ್ಟಿ, ಹಾರ ಹಾಕಿಸಿಕೊಂಡು, ಕೊಡವನ್ನು ಮುಟ್ಟಿ ನಮಸ್ಕರಿಸಿ ಮಠಕ್ಕೇ ಬಿಟ್ಟುಹೋಗುತ್ತಾರೆ. ಮರುವರ್ಷ ಅದೇ ಕೊಡ, ಅದೇ ಸವಾಲು. ಹದಿನೇಳು ವರ್ಷದಲ್ಲಿ ಹದಿನೇಳು ಜನರಿಗೆ ಮಾರಾಟವಾದ ಆ ಕೊಡ ಒಮ್ಮೆಯೂ ಮಠದ ಹೊಸಿಲು ದಾಟಿರಲಿಲ್ಲ. ಕಾರಿನದೂ ಇದೇ ಕ್ರಮವೆಂದು ಅಲ್ಲಿ ಸೇರಿದ್ದ ಎಂಟುನೂರು ಜನಕ್ಕೆ ಗೊತ್ತಿತ್ತು. ಗೊತ್ತಿಲ್ಲದಿದ್ದವರು ಇಬ್ಬರೇ, ಆ ಇಬ್ಬರು ಕಾರಿನ ಪಕ್ಕದಲ್ಲೇ ನಿಂತಿದ್ದರು.

ಮಠದ ಪಾರುಪತ್ಯಗಾರ ಸುಂದರೇಶ ಮೈಕಿನಲ್ಲಿ ಮೂರನೆಯ ಸಾರಿ ಕೂಗಿದಾಗ ಸವಾಲು ಶಿವಲಿಂಗಯ್ಯನವರ ಹೆಸರಿಗೆ ನಿಂತಿತು. ದುಡ್ಡು ಕಟ್ಟಿದ ರಸೀದಿ ಬಂತು. ಹಾರ ಬಂತು. ಶಾಲು ಬಂತು. ವೇದಿಕೆಯ ಮೇಲೆ ಕೂರಿಸಿ, ಇಂಥ ಶರಣರು ಈ ಕಾಲದಲ್ಲಿ ಅಪರೂಪವೆಂದರು. ಹಳೆಯ ಕಾರು ಕೊಂಡವನಿಗೆ ಇಷ್ಟೊಂದು ಮರ್ಯಾದೆ ಮಾಡುವ ಸಂಸ್ಥೆ ಮೈಸೂರು ಸೀಮೆಯಲ್ಲಿ ಇನ್ನೊಂದಿಲ್ಲವೆಂದು ಶಿವಲಿಂಗಯ್ಯನವರ ಕಣ್ಣು ತೇವವಾಯಿತು. ಕೊನೆಗೆ ಸುಂದರೇಶ ಬೆಳ್ಳಿ ತಟ್ಟೆಯಲ್ಲಿ ಕಾರಿನ ಕೀಲಿಯನ್ನಿಟ್ಟು ಮುಂದೆ ಹಿಡಿದ, ಮುಟ್ಟಿ ನಮಸ್ಕರಿಸಲೆಂದು.

ಶಿವಲಿಂಗಯ್ಯನವರು ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು.

ತಟ್ಟೆ ಚಾಚಿದ್ದು ಚಾಚಿದಂತೆಯೇ ಇತ್ತು. ಸುಂದರೇಶ ಮೈಕಿನ ಕಡೆ ಬಗ್ಗಿ, “ಶರಣರು ಭಾವಪರವಶರಾಗಿ ಕೀಲಿಯನ್ನು...” ಎನ್ನುವಷ್ಟರಲ್ಲಿ ಧ್ವನಿ ನಿಂತುಹೋಯಿತು. ಅತ್ತ ಸಣ್ಣಮಾದಯ್ಯ ಬಾನೆಟ್ ಎತ್ತಿ ನೋಡಿ, ಬ್ಯಾಟರಿ ಕಾಣದೆ, ಅದರ ಜಾಡು ಹಿಡಿದು ವೇದಿಕೆಯ ಹಿಂಭಾಗಕ್ಕೆ ಬಂದಿದ್ದ. ಕಾರನ್ನು ಮಾರುತ್ತಿದ್ದ ಮೈಕಿಗೆ ವಿದ್ಯುತ್ತು ಹರಿಯುತ್ತಿದ್ದುದು ಆ ಕಾರಿನದೇ ಬ್ಯಾಟರಿಯಿಂದ. ಮಾದಯ್ಯ ಎರಡು ತಂತಿ ಕಿತ್ತು, ಬ್ಯಾಟರಿಯನ್ನು ಹೆಗಲಿಗೇರಿಸಿ, ಎಲ್ಲರೂ ನೋಡುತ್ತಿರುವಂತೆಯೇ ನಡೆದುಹೋದ.

ಮೈಕಿಲ್ಲದ ಸುಂದರೇಶನ ಮಾತು ಮೊದಲನೆಯ ಸಾಲಿನಾಚೆ ಯಾರಿಗೂ ಕೇಳಿಸಲಿಲ್ಲ. ಮಿಕ್ಕವರು ಇದೂ ಸೇವೆಯ ಒಂದು ಭಾಗವಿರಬೇಕೆಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಕಾರು ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಹೊರಟುಬಿಟ್ಟಿತು.

ವಿದ್ಯಾರಣ್ಯಪುರಂನ ಬೀದಿಗೆ ಆ ಕಾರಿನ ಗುರುತು ಚೆನ್ನಾಗಿತ್ತು. ಮರುದಿನ ಬೆಳಗ್ಗೆ ಶಿವಲಿಂಗಯ್ಯನವರು ಎದ್ದು ನೋಡಿದರೆ ಬಾನೆಟ್ಟಿನ ಮೇಲೆ ಮೂರೆಳೆ ವಿಭೂತಿ. ಒರೆಸಿದರು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮತ್ತೆ ಮೂರೆಳೆ, ಜೊತೆಗೆ ಎರಡು ಬಾಳೆಹಣ್ಣು. ವಾರದೊಳಗೆ ಬೀದಿಯ ಹೆಂಗಸರೆಲ್ಲ ಸೋಮವಾರ ಕಾರಿಗೆ ಮೂರು ಸುತ್ತು ಬರಲು ಶುರುಮಾಡಿದರು. ನೀಲಮ್ಮನೇ ಮೊದಲಿಗಳು. ಕಾರಿನ ಕೀಲಿ ದೇವರ ಗೂಡನ್ನು ಸೇರಿತು.

“ಏನ್ರೀ, ಹಿಂದಿನ ಸೀಟಲ್ಲಿ ಮಾತ್ರ ನಾನು ಕೂರಲ್ಲ,” ಎಂದಳು ನೀಲಮ್ಮ. “ಅದು ಸೀಟಲ್ಲ, ಗದ್ದುಗೆ.”

“ನೀಲಾ, ನಾನು ಕಾರು ತಂದದ್ದೇ ಆ ಸೀಟಿಗೋಸ್ಕರ.”

“ಮುಂದೆ ಕೂರ್ತೀನಿ. ಇಳಿಯೋ ಹೊತ್ತಿಗೆ ಎಲ್ಲಾ ಒಂದೇ.”

ಒಂದಲ್ಲವೆಂಬುದನ್ನು ಹೆಂಡತಿಗೆ ವಿವರಿಸುವುದು ಶಿವಲಿಂಗಯ್ಯನವರಿಗೆ ಸಾಧ್ಯವಾಗಲಿಲ್ಲ. ಉದಾಹರಣೆಗೆಂದು ತಾವೇ ಹಿಂದೆ ಕೂತು, ಅವಳನ್ನು ಮುಂದೆ ಕೂರಿಸಿ ಅಗ್ರಹಾರದವರೆಗೆ ಹೋಗಿಬಂದರು. ಕಾರಿನ ಎಡ ಹಿಂಬಾಗಿಲು ಮುಚ್ಚಿಕೊಳ್ಳುತ್ತಿರಲಿಲ್ಲವಾಗಿ ಅದನ್ನು ಹಗ್ಗದಿಂದ ಒಳಗಿನ ಹಿಡಿಗೆ ಬಿಗಿದಿದ್ದರು. ದಾರಿಯಲ್ಲಿ ಇಬ್ಬರು ಸೈಕಲ್ಲಿನಿಂದ ಇಳಿದು ಕೈಮುಗಿದರು. ಸರ್ಕಲ್ಲಿನ ಪೊಲೀಸಿನವನು ಅಡ್ಡ ಬರುತ್ತಿದ್ದ ಬಸ್ಸನ್ನು ತಡೆದ. ಹೂ ಮಾರುವ ಮುದುಕಿಯೊಬ್ಬಳು ನಿಂತ ಕಾರಿನ ಹಗ್ಗ ಬಿಗಿದ ಬಾಗಿಲಿನ ಸಂದಿಯಲ್ಲಿ ಕೈ ತೂರಿಸಿ ಒಂದು ಮೊಳ ಸೇವಂತಿಗೆ ಒಳಗಿಟ್ಟು, ಎದುರಿಗೆ ಕಂಡ ಚಪ್ಪಲಿ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಸಾರ್, ಕೈ ಇಳಿಸಿ,” ಎಂದ ಮಾದಯ್ಯ, ಕನ್ನಡಿಯಲ್ಲಿ ನೋಡುತ್ತ.

ತಮ್ಮ ಬಲಗೈ ಎದೆಯ ಮಟ್ಟಕ್ಕೆ ಏರಿ, ಬೆರಳುಗಳು ಕೂಡಿಕೊಂಡು ಆಶೀರ್ವಾದದ ಭಂಗಿಯಲ್ಲಿ ನಿಂತಿರುವುದು ಶಿವಲಿಂಗಯ್ಯನವರಿಗೆ ಆಗ ತಿಳಿಯಿತು.

“ರೂಢಿ ಆಗ್ಬುಟ್ರೆ ಆಮೇಕೆ ಕಚೇರಿಲೂ ಕೈ ಎತ್ತೀರಿ,” ಎಂದ ಮಾದಯ್ಯ.

ನೀಲಮ್ಮ ಮನೆಯವರೆಗೂ ಹಿಂದಕ್ಕೆ ತಿರುಗಲಿಲ್ಲ. ಇಳಿದ ಮೇಲೆ, “ವಯಸ್ಸಾದ ಹೆಂಗಸು ನಿಮ್ಮ ಕಾಲು ಮುಟ್ಟಿದಳು. ನೀವು ಕಾಲು ಹಿಂದಕ್ಕೆ ತಗೊಳ್ಳಲಿಲ್ಲ,” ಎಂದಳು.

“ಜಾಗ ಇರಲಿಲ್ಲ ನೀಲಾ,” ಎಂದರು ಅವರು. ಅದು ನಿಜವೂ ಆಗಿತ್ತು.

ಆ ಬಾಗಿಲಿನ ಬಗ್ಗೆ ಬನ್ನಿಮಂಟಪದ ಇಬ್ಬರು ಮೆಕ್ಯಾನಿಕ್ಕುಗಳು ಕೈಚೆಲ್ಲಿದರು. ಕಾರಣ ಹೇಳಿದವನು ಮಾದಯ್ಯ. “ಇದು ಭಕ್ತಿಯಿಂದ ಕೆಟ್ಟಿರೋ ಬಾಗ್ಲು ಸಾರ್. ಬುದ್ಧಿಯೋರು ಕೂತವ್ರೆ ಅಂತ ಇಪ್ಪತ್ತೆರಡು ವರ್ಷ ಎಲ್ಲಾರೂ ಮೆಲ್ಲಗೆ ಹಾಕವ್ರೆ. ಲಾಕು ಕೂರೋದನ್ನೇ ಕಲ್ತಿಲ್ಲ. ಒಂದ್ಸಲ ಸಿಟ್ಟಿಂದ ಹಾಕ್ಬೇಕು.”

ಸಿಟ್ಟಿನಿಂದ ಹಾಕಲು ಶಿವಲಿಂಗಯ್ಯನವರು ಬಿಡಲಿಲ್ಲ. ಹೊಸದಾಗಿ ಕೊಂಡ ಕಾರು. ನೀಲಮ್ಮನೂ ಬಿಡಲಿಲ್ಲ; ಗದ್ದುಗೆಯ ಬಾಗಿಲು. ಹಗ್ಗವೇ ಉಳಿಯಿತು.

ಕಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಶಿವಲಿಂಗಯ್ಯನವರು ವಾಹನ ನೋಂದಣಿ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತ ಮೂಗಯ್ಯ ಕಾಗದಗಳನ್ನು ತಿರುವಿ, “ಮಾಲೀಕರ ಸಹಿ ಇಲ್ವಲ್ಲ,” ಎಂದ.

“ಮಾಲೀಕರು ಹಿರಿಯ ಬುದ್ಧಿಯವರು. ಲಿಂಗೈಕ್ಯರಾಗಿದ್ದಾರೆ.”

“ಹಾಗಾದ್ರೆ ಮರಣಪತ್ರ ಕೊಡಿ.”

“ಮಠದಲ್ಲಿ ಕೇಳಿದೆ. ಬುದ್ಧಿಯವರಿಗೆ ಮರಣವೇ ಇಲ್ಲ, ಪತ್ರ ಎಲ್ಲಿಂದ ತರೋಣ ಅಂತಾರೆ.”

ಮೂಗಯ್ಯ ಕನ್ನಡಕ ಕಳಚಿದ. “ಅಂದ್ರೆ ಇದ್ದಾರಾ?”

“ಎಲ್ಲೆಲ್ಲೂ ಇದ್ದಾರಂತೆ.”

“ಒಳ್ಳೇದಾಯ್ತು. ಯಾವ ಕಡೆ ಸಿಕ್ಕಿದ್ರೂ ಸರಿ, ಒಂದು ಸಹಿ ಹಾಕಿಸ್ಕೊಂಡು ಬನ್ನಿ.”

ಹೀಗೆ ಕಾರು ಕಾನೂನಿನ ಪ್ರಕಾರ ಎಲ್ಲೆಲ್ಲೂ ಇರುವವರ ಸ್ವತ್ತಾಗಿ, ವ್ಯವಹಾರದಲ್ಲಿ ಮಾತ್ರ ವಿದ್ಯಾರಣ್ಯಪುರಂನಲ್ಲಿ ಉಳಿಯಿತು.

ಸುಂದರೇಶ ಎರಡು ಸಲ ಮನೆಗೆ ಬಂದ. ಎರಡನೆಯ ಸಲ ನಾಲ್ಕು ಜನ ಹಿರಿಯರನ್ನೂ ಕರೆತಂದ. ಬೀದಿಯೇ ಕಾಂಪೌಂಡಿಗೆ ಒರಗಿ ಕೇಳಿಸಿಕೊಂಡಿತು.

“ಶಿವಲಿಂಗಯ್ನೋರೇ, ಸವಾಲಲ್ಲಿ ಕೂಗಿದ್ದನ್ನ ಮಠಕ್ಕೇ ಬಿಡೋದು ಸಂಪ್ರದಾಯ.”

“ಕರಪತ್ರದಲ್ಲಿ ಹಾಗೆ ಅಚ್ಚು ಮಾಡಿಸಬೇಕಿತ್ತು.”

“ಊಟಕ್ಕೆ ಬಂದೋರಿಗೆ ಬಾಳೆಎಲೆ ತಿನ್ನಬೇಡಿ ಅಂತ ಅಚ್ಚು ಮಾಡಿಸ್ತೀವಾ? ದುಡ್ಡು ವಾಪಸ್ ಕೊಡ್ತೀವಿ, ಕಾರು ಕೊಡಿ.”

“ಕೊಡೋದಿಲ್ಲ,” ಎಂದರು ಶಿವಲಿಂಗಯ್ಯನವರು. ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಆ ಮಾತನ್ನು ಅವರು ಅದಕ್ಕೆ ಮುಂಚೆ ಆಡಿದ್ದೇ ಇಲ್ಲ. ಅದರ ರುಚಿ ಹಿಡಿಸಿ ಇನ್ನೊಮ್ಮೆ ಹೇಳಿದರು. “ಕೊಡೋದಿಲ್ಲ ಕಣ್ರೀ. ರಸೀದಿ ಇದೆ. ನನ್ನ ಹೆಂಡತಿ ಆ ಸೀಟಲ್ಲಿ ಕೂತು ಲಕ್ಷ್ಮೀಪುರಂಗೆ ಹೋಗೋವರೆಗೂ ಕೊಡೋದಿಲ್ಲ. ಹೋದ ಮೇಲೂ ಕೊಡೋದಿಲ್ಲ.”

“ಅವರು ಕೂರಲ್ಲ ಅಂತ ಇಡೀ ಬೀದಿಗೇ ಗೊತ್ತು,” ಎಂದ ಸುಂದರೇಶ.

ಶಿವಲಿಂಗಯ್ಯನವರು ಕಾರಿಗೆ ಬೆನ್ನು ಕೊಟ್ಟು, ಕೈಕಟ್ಟಿ, ಬಂದವರು ಹೋಗುವವರೆಗೂ ಹಾಗೆಯೇ ನಿಂತಿದ್ದರು. ಅವರ ಅಂಗಿಯ ಬೆನ್ನಿಗೆ ಮೂರೆಳೆ ವಿಭೂತಿ ಅಚ್ಚೊತ್ತಿತು.

ಆ ಸಂಜೆ ಮಾದಯ್ಯನ ಹೆಂಡತಿ ಸಾಕಮ್ಮ ಕರಿಬೇವು ಕೇಳಲು ಬಂದಳು. ನೀಲಮ್ಮ ಕಾರಿನ ಮುಂದೆ ದೀಪ ಹಚ್ಚುತ್ತಿದ್ದಳು. ಸಾಕಮ್ಮ ಸ್ವಲ್ಪ ಹೊತ್ತು ನೋಡಿದಳು.

“ಆ ಬುದ್ಧಿಯೋರು ನಮ್ಮ ಕೇರಿಗೂ ಒಂದ್ಸಲ ಬಂದಿದ್ರು ಕಣಮ್ಮ. ಚಾಪೆ ಹಾಸಿದ್ವಿ, ಕೂತ್ಕೊಂಡ್ರು. ಮಜ್ಜಿಗೆ ಕೊಟ್ಟೆ, ಕುಡುದ್ರು.”

“ಹೌದಾ?”

“ಊಂ. ಅವ್ರು ನಮ್ಮ ಚಾಪೆ ಮೇಲೆ ಕೂರಬೋದು, ನೀವು ಅವ್ರ ಸೀಟ್ ಮೇಲೆ ಕೂರಬಾರ್ದು. ಇದ್ಯಾವ ಲೆಕ್ಕವೋ ನಂಗೆ ಗೊತ್ತಾಗಕಿಲ್ಲ. ಎರಡು ಎಸಳು ಕರಿಬೇವು ಕೊಡಿ.”

ನೀಲಮ್ಮ ಕರಿಬೇವು ಕೊಟ್ಟಳು. ದೀಪಕ್ಕೆ ಎಣ್ಣೆ ಹಾಕುವುದನ್ನು ಮಾತ್ರ ಮರೆತಳು.

ಗುರುವಾರ ಬಂತು. ಶಿವಲಿಂಗಯ್ಯನವರು ಜರಿಯಂಚಿನ ಪಂಚೆ ಉಟ್ಟು, ಉಡುಗೊರೆಗೆಂದು ಹಟ ಹಿಡಿದು ಕೊಂಡಿದ್ದ ಎಂಟು ಲೀಟರಿನ ಕುಕ್ಕರನ್ನು ನಡುಮನೆಯಲ್ಲಿಟ್ಟು, ಕೊನೆಯ ಬಾರಿ ಕೇಳಿದರು.

“ಹಿಂದೆ ಕೂರ್ತೀಯಾ ನೀಲಾ?”

“ಮುಂದೆ,” ಎಂದಳು ನೀಲಮ್ಮ, ತಲೆ ಬಾಚಿಕೊಳ್ಳುತ್ತ. ಆದರೆ ಅಂದಿನ ಆ ಮಾತಿನಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

ಆಗ ಒಂದು ಆಟೋ ಬಂದು ನಿಂತಿತು. ಅದರಿಂದ ಮೃತ್ಯುಂಜಯನೂ ಸುಂದರೇಶನೂ ಇಳಿದರು. ಇಳಿದ ಭರದಲ್ಲಿ ಆಟೋದವನಿಗೆ ದುಡ್ಡು ಕೊಟ್ಟು ಕಳಿಸಿಬಿಟ್ಟರು. ಗೃಹಪ್ರವೇಶಕ್ಕೆ ಮಠದ ಈಗಿನ ಬುದ್ಧಿಯವರನ್ನು ಆಹ್ವಾನಿಸಿದ್ದ ಮೃತ್ಯುಂಜಯನ ಮುಖ ಬೆವೆತಿತ್ತು.

“ಭಾವ, ಬುದ್ಧಿಯೋರ ಜೀಪು ಬನ್ನಿಮಂಟಪದ ಹತ್ರ ಆಕ್ಸೆಲ್ ಮುರ್ಕೊಂಡು ನಿಂತುಬುಟ್ಟದೆ. ಟಯರ್ ಅಂಗಡಿ ಬೆಂಚ್ ಮೇಲೆ ಕೂತಿದಾರೆ. ಮುಹೂರ್ತಕ್ಕೆ ಒಂದೇ ಗಂಟೆ ಇರೋದು.”

“ನಿಮ್ಮ ಮಾರುತಿ?”

“ಬಾಳೆಎಲೆ ತರೋಕೆ ಹೋಗಿದೆ. ಇದ್ರೂ ಆಗ್ತಿರಲಿಲ್ಲ. ಬುದ್ಧಿಯೋರಿಗೆ ಮಂಡಿನೋವು, ಅದರಲ್ಲಿ ಕೂತರೆ ಏಳಕ್ಕಾಗಲ್ಲ. ಈ ಕಾರೇ ಆಗಬೇಕು. ಅವರು ಹಿಂದೆ ಕೂರಲಿ, ನಾವಿಬ್ಬರೂ ಮುಂದೆ ಹೊಂದಿಸ್ಕೋತೀವಿ.” ಮೃತ್ಯುಂಜಯ ಬಹಳ ನಯವಾಗಿ ಸೇರಿಸಿದ: “ನೀವೂ ಅಕ್ಕನೂ ಬಸ್ಸಲ್ಲಿ ಬಂದ್ಬುಡಿ.”

“ಪೂಜೆ ಆದ್ಮೇಲೆ ಕಾರು ಹಾಗೇ ಮಠಕ್ಕೆ ಹೋಗುತ್ತೆ,” ಎಂದ ಸುಂದರೇಶ. “ಬುದ್ಧಿಯೋರು ಕೂತ ಮೇಲೆ ಇಲ್ಲ ಅನ್ನೋಕೆ ನಿಮಗೂ ಬಾಯಿ ಬರಲ್ಲ.”

ಬೀದಿ ಕಾಂಪೌಂಡಿಗೆ ಒರಗಿತು. ಶಿವಲಿಂಗಯ್ಯನವರು ತಮ್ಮ ಹೊಸ ಮಾತಿಗಾಗಿ ಬಾಯಿ ತೆರೆದರು. ಪಾರುಪತ್ಯಗಾರನಿಗೆ ಅದನ್ನು ಹೇಳಬಹುದಿತ್ತು. ಷಡ್ಡಕನಿಗೆ ಸಂತೋಷದಿಂದ ಹೇಳಬಹುದಿತ್ತು. ಮಂಡಿ ಹಿಡಿದುಕೊಂಡು ಟಯರ್ ಅಂಗಡಿಯ ಬೆಂಚಿನ ಮೇಲೆ ಕೂತಿರುವ ವೃದ್ಧರಿಗೆ ಹೇಗೆ ಹೇಳುವುದು? ಅವರು ಮೆಲ್ಲಗೆ ತಿರುಗಿ ಹೆಂಡತಿಯ ಕಡೆ ಕೈ ಚಾಚಿದರು.

ನೀಲಮ್ಮ ಒಳಗೆ ಹೋದಳು. ದೇವರ ಗೂಡಿನಿಂದ ಕೀಲಿ ತೆಗೆದ ಸದ್ದು ಕೇಳಿಸಿತು. ಮೃತ್ಯುಂಜಯ ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡ. ಬೀದಿಯವರು, ಎಷ್ಟಾದರೂ ಭಕ್ತೆ, ಎಂದು ಪಿಸುಗುಟ್ಟಿದರು.

ಆಕೆ ಹೊರಗೆ ಬಂದಾಗ ಒಂದು ಕೈಯಲ್ಲಿ ಕೀಲಿ ಇತ್ತು, ಇನ್ನೊಂದು ಕೈಯಲ್ಲಿ ಕುಕ್ಕರಿತ್ತು. ಕೀಲಿಯನ್ನು ಕಾರಿನ ಬಳಿ ಸಿದ್ಧನಾಗಿ ನಿಂತಿದ್ದ ಮಾದಯ್ಯನಿಗೆ ಕೊಟ್ಟಳು.

“ಬನ್ನಿಮಂಟಪದ ಮೇಲೆ ಹೋಗೋಣ ಮಾದಯ್ನೋರೇ. ಬುದ್ಧಿಯವರನ್ನ ಕಾಯಿಸಬಾರದು. ಮಂಡಿನೋವು ಅಂದ್ರೆ ಕಾಲು ಚಾಚೋಕೆ ಮುಂದಿನ ಸೀಟೇ ಒಳ್ಳೇದು. ಅವರು ಮುಂದೆ ಕೂರಲಿ.”

“ಮತ್ತೆ ಹಿಂದೆ?” ಎಂದ ಸುಂದರೇಶ.

“ಹಿಂದೆ ನಾನು. ಇವರು.”

“ಅಮ್ಮಾ, ಅದು ಹಿರಿಯ ಬುದ್ಧಿಯೋರ ಜಾಗ.”

“ಗೊತ್ತು. ಸಾಕಮ್ಮನ ಚಾಪೆ ಮೇಲೂ ಅವರ ಜಾಗ ಇದೆ. ಅವಳು ದಿನಾ ಅದರ ಮೇಲೇ ಮಲಗ್ತಾಳೆ.”

ಕಾಂಪೌಂಡಿನಾಚೆ ಸಾಕಮ್ಮ ಮುಖ ತಿರುಗಿಸಿ ನಕ್ಕಳು. ನೀಲಮ್ಮ ಹಿಂದಿನ ಬಾಗಿಲಿನ ಹಗ್ಗ ಬಿಚ್ಚಿದಳು. ಶಿವಲಿಂಗಯ್ಯನವರನ್ನು ಬಲಗಡೆಯಿಂದ 
ಹತ್ತಿಸಿದಳು. ಅವರು ಹತ್ತಿದ್ದು ಯಾವಾಗ, ಕೂತದ್ದು ಯಾವಾಗ ಎಂಬುದು ಅವರಿಗೇ ತಿಳಿಯಲಿಲ್ಲ.

“ಅಕ್ಕ, ಹಿಂದೆ ಇನ್ನೊಬ್ಬರಿಗೆ ಜಾಗ ಇದೆಯಲ್ಲ,” ಎಂದ ಮೃತ್ಯುಂಜಯ. “ಮನೆ ಯಜಮಾನ ನಾನು. ನಾನಿಲ್ಲದೆ ಹೊಸಿಲು ಪೂಜೆ ಹೇಗೆ ಮಾಡ್ತಾರೆ?”

ನೀಲಮ್ಮ ಎಂಟು ಲೀಟರಿನ ಕುಕ್ಕರನ್ನು ಸೀಟಿನ ಮಧ್ಯದಲ್ಲಿ, ಗಂಡನ ಪಕ್ಕಕ್ಕೆ, ಅಲುಗದಂತೆ ಕೂರಿಸಿದಳು. ಅದರ ಹಿಡಿ ನೆಟ್ಟಗೆ ಮುಂದಕ್ಕೆ ನೋಡುವ ಹಾಗೆ ಸರಿಪಡಿಸಿದಳು. ಆಮೇಲೆ ಮೃತ್ಯುಂಜಯನ ಕಡೆ ತಿರುಗಿದಳು. ಅವನಿಗಿಂತ ನಯವಾಗಿ ಹೇಳಿದಳು:

“ಕುಕ್ಕರ್ ಜಖಂ ಆಗ್ಬುಟ್ರೆ ಮರ್ಯಾದೆ ಹೋಗ್ತದೆ. ನೀವಿಬ್ರೂ ಬಸ್ಸಲ್ಲಿ ಬಂದ್ಬುಡಿ.”

ಸೀರೆಯ ನೆರಿಗೆ ಒತ್ತರಿಸಿಕೊಂಡು ಆ ತಗ್ಗಿನೊಳಗೆ ಕೂತಳು. ತಗ್ಗು ಅವಳಿಗೆ ಸರಿಹೋಯಿತು. ಮಾದಯ್ಯ ರೂಢಿಯಂತೆ ಹಗ್ಗಕ್ಕೆ ಕೈ ಹಾಕಿದ.

“ಹಗ್ಗ ಬೇಡ,” ಎಂದಳು ನೀಲಮ್ಮ.

ನಂಜನಗೂಡಿನವರೆಗೆ ನಿಂತು ಹೋದ ಪಾದಗಳೆರಡನ್ನೂ ಒಳಗೆಳೆದುಕೊಂಡು, ಆಕೆ ಬಾಗಿಲನ್ನು ತನ್ನ ಕಡೆಗೆ ಒಮ್ಮೆ ಎಳೆದಳು. ಬೀದಿಯ ಕಾಗೆಗಳೆಲ್ಲ ಎದ್ದು ಹಾರಿದವು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಆ ಬಾಗಿಲು ಮುಚ್ಚಿಕೊಂಡಿತು.